ಫಿಲ್ಟರ್ ತೊಳೆಯೋ ಹತ್ತು ನಿಮಿಷಕ್ಕೆ ಕೂಲಿ ಯಾರು ಕೊಡಬೇಕು?

ಮಳೆ ಹಿಂದೆ ಸರಿದು ಎರಡು ವಾರ ಆಯ್ತು. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದಲ್ಲಿ ನಿಂತರೆ ನಾಲ್ಕೂ ದಿಕ್ಕಿನಿಂದ ಹುಲ್ಲು ಹೊಡೆಯೋ ಮಿಷನ್ ಸದ್ದು ಕೇಳ್ತದೆ. ಕೊನೆ ಕೊಯ್ಲು ಶುರುವಾಗೋ ಮುಂಚೆ ತೋಟದ ನೆಲ ಕಾಣಬೇಕು, ಉದುರಿದ ಅಡಿಕೆ ಹೆಕ್ಕೋಕೆ ಕೈಗೆ ಸಿಗಬೇಕು. ಎಲ್ಲರಿಗೂ ಒಂದೇ ಅವಸರ. ಮಿಷನ್ ಹಿಡಿಯೋರು ಮಾತ್ರ ಊರಿಗೆ ನಾಲ್ಕೋ ಐದೋ ಜನ.

ಹೋದ ವರ್ಷ ಇದೇ ಹೊತ್ತಿಗೆ ನಮ್ಮ ತೋಟದಲ್ಲಿ ಮಾತ್ರ ಸದ್ದು ಇರಲಿಲ್ಲ. ಮಿಷನ್ ಪೇಟೆಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿ ಬಿದ್ದಿತ್ತು. ಅದನ್ನು ಹಿಡೀತಿದ್ದ ಹುಡುಗ ನನ್ನ ಮೇಲೆ ಬೇಜಾರು ಮಾಡಿಕೊಂಡು ಬೇರೆಯವರ ತೋಟಕ್ಕೆ ಹೋಗಿದ್ದ. ತಪ್ಪು ಅವನದು ಅಂತ ನಾನು ಹತ್ತು ಜನರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ತಪ್ಪು ನನ್ನದೇ ಅಂತ ಗೊತ್ತಾದ ಮೇಲೆ ಆ ಹತ್ತು ಜನರಲ್ಲಿ ಎಷ್ಟು ಮಂದಿಗೆ ಹೇಳಿದೆ? ಇಬ್ಬರಿಗೆ. ಬಾಕಿ ಎಂಟು ಜನರಿಗೂ ತಿಳೀಲಿ ಅಂತ ಇವತ್ತು ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗಬಹುದು, ಊಟ ಮುಗಿಸಿ ಕೂತು ಓದಿ.

ವಿಷಯ ಏರ್ ಫಿಲ್ಟರ್. ಅಂಗೈ ಅಗಲದ ಸ್ಪಂಜು ಅಷ್ಟೇ. ನಮ್ಮ ಮಿಷನ್ನಿನ ಫಿಲ್ಟರಿಗೆ 120 ರೂಪಾಯಿ. ಅದರಿಂದ ನನಗೆ ಬಿದ್ದ ಬಿಲ್ಲು 5,200.

ಆದದ್ದು ಹೀಗೆ. ನಮ್ಮದು ಟೂ ಸ್ಟ್ರೋಕ್ ಬ್ರಷ್ ಕಟ್ಟರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋದು. ನಾಲ್ಕು ವರ್ಷ ಹಳೇದು. ಹೋದ ವರ್ಷ ಬೇಣದ ಹುಲ್ಲು ಹೊಡೀತಿದ್ದಾಗ ಹುಡುಗ ಬಂದು, "ಅಣ್ಣ, ಮಿಷನ್ ಎಳೀತಾ ಇಲ್ಲ. ದಪ್ಪ ಹುಲ್ಲಿಗೆ ಕೊಟ್ಟರೆ ಗುಂಯ್ ಅಂತ ಕೂತು ಬಿಡ್ತದೆ" ಅಂದ. ನನಗೆ ಯಂತ್ರದ ವಿಷಯದಲ್ಲಿ ಸ್ವಲ್ಪ ಜಂಬ ಉಂಟು. "ಇರು, ನಾನು ನೋಡ್ತೀನಿ" ಅಂತ ಸ್ಕ್ರೂ ಡ್ರೈವರ್ ತಗೊಂಡು ಹೋದೆ. ಕಾರ್ಬುರೇಟರಿನ ಸ್ಕ್ರೂ ಒಳಕ್ಕೆ ಕಾಲು ಸುತ್ತು, ಸಾಲದು ಅಂತ ಇನ್ನೂ ಸ್ವಲ್ಪ ತಿರುಗಿಸಿದೆ. ಹೊಗೆ ಕಮ್ಮಿ ಆಯ್ತು, ಮಿಷನ್ ಎದ್ದಿತು. "ನೋಡು, ಇಷ್ಟೇ" ಅಂದೆ.

ನಾಲ್ಕೈದು ದಿನ ಹೋಯ್ತು. ಒಂದು ಸಂಜೆ ಹುಡುಗ ತಾನಾಗಿಯೇ ಫಿಲ್ಟರಿನ ಮುಚ್ಚಳ ತೆಗೆದು ನೋಡಿದ್ದಾನೆ. ಸ್ಪಂಜು ಕೆಸರು ಮೆತ್ತಿದ ಹಾಗೆ ಕಪ್ಪಾಗಿತ್ತಂತೆ. ಮನೆಗೆ ತಗೊಂಡು ಹೋಗಿ ಬಟ್ಟೆ ಸೋಪಲ್ಲಿ ತೊಳೆದು, ರಾತ್ರಿ ಒಲೆ ಮೇಲಿನ ಅಟ್ಟದ ಹತ್ತಿರ ಒಣಗಿಸಿ, ಬೆಳಿಗ್ಗೆ ತಂದು ಹಾಕಿದ್ದಾನೆ. ಯಾರೂ ಹೇಳಿರಲಿಲ್ಲ. ಆ ಕೆಲಸಕ್ಕೆ ಕೂಲಿಯೂ ಇರಲಿಲ್ಲ.

ಅವತ್ತು ಮಿಷನ್ ಸದ್ದೇ ಬೇರೆ. ಕಿರ್ರ್ ಅಂತ ತೆಳ್ಳಗೆ, ಜೋರಾಗಿ. "ಹೊಸದರ ಹಾಗೆ ಓಡ್ತಾ ಉಂಟು ಅಣ್ಣ" ಅಂದ. ನನಗೂ ಖುಷಿಯೇ. ಹನ್ನೊಂದು ಗಂಟೆ ಹೊತ್ತಿಗೆ ಬಸಿಗಾಲುವೆ ಅಂಚಲ್ಲಿ ಹೊಡೀತಿದ್ದಾಗ ಒಮ್ಮೆಲೇ ನಿಂತಿತು. ಹಗ್ಗ ಎಳೆದರೆ ಬರೋದೇ ಇಲ್ಲ, ಕಲ್ಲು.

"ಏನು ಮಾಡಿದೆ ಇದಕ್ಕೆ?"

"ಏನೂ ಇಲ್ಲ ಅಣ್ಣ. ಫಿಲ್ಟರ್ ತೊಳೆದಿದ್ದೆ ಅಷ್ಟೇ."

"ನಿನಗೆ ಯಾರು ಹೇಳಿದ್ದು ಅದನ್ನ ಮುಟ್ಟೋಕೆ?"

ಅಷ್ಟು ಸಿಕ್ಕಿತಲ್ಲ ನನಗೆ. ನಿನ್ನೆವರೆಗೆ ಓಡ್ತಿದ್ದ ಮಿಷನ್, ಇವನು ಫಿಲ್ಟರ್ ಬಿಚ್ಚಿದ, ಇವತ್ತು ಹಿಡೀತು. ಇನ್ನೇನು ಸಾಕ್ಷಿ ಬೇಕು? ವಾರದ ಲೆಕ್ಕ ಮಾಡುವಾಗ 1,500 ರೂಪಾಯಿ ಹಿಡಿದುಕೊಂಡೆ. ಅವನು ಬಾಯಿ ಬಿಡಲಿಲ್ಲ. ಮರುದಿನದಿಂದ ಬರಲೂ ಇಲ್ಲ.

ಪೇಟೆಯ ಮೆಕ್ಯಾನಿಕ್ ಪಿಸ್ಟನ್ ಹೊರಗೆ ತೆಗೆದು ಹಳೇ ಪೇಪರಿನ ಮೇಲೆ ಇಟ್ಟರು. ತಿರುಗಿಸಿ ಎರಡು ಕಡೆ ತೋರಿಸಿದರು. ಸೈಲೆನ್ಸರಿನ ಕಡೆ ಮುಖದಲ್ಲಿ ಅಲ್ಯೂಮಿನಿಯಂ ಕರಗಿ ಉಜ್ಜಿದ ಹಾಗೆ ದಪ್ಪ ಗೆರೆ. ಕಾರ್ಬುರೇಟರಿನ ಕಡೆ ಮುಖದಲ್ಲಿ ಬೇರೆ ಥರ. ಸಣ್ಣ ಸಣ್ಣ ಉದ್ದ ಗೆರೆ, ಹೊಳಪು ಹೋಗಿ ಮಂಕಾಗಿತ್ತು, ಮರಳು ಕಾಗದದಲ್ಲಿ ತಿಕ್ಕಿದ ಹಾಗೆ.

"ಗೌಡ್ರೇ, ಈ ಕಡೆದು ಬಿಸಿಗೆ ಹಿಡಿದದ್ದು. ಆ ಕಡೆದು ಧೂಳು ತಿಂದದ್ದು. ಧೂಳಿಂದು ಮೊನ್ನೆ ಮೊನ್ನೆದಲ್ಲ, ಒಂದೆರಡು ವರ್ಷದ್ದು. ಅದಿರಲಿ, ಸ್ಕ್ರೂ ಯಾರು ತಿರುಗಿಸಿದ್ದು?"

ನಾನು ಸುಮ್ಮನಿದ್ದೆ. ಅವರಿಗೆ ಅರ್ಥ ಆಯ್ತು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ನಮ್ಮಲ್ಲಿ ಹೆಚ್ಚಿನವರು ಮಾಡೋ ತಪ್ಪು ಇದೇ, ಅದಕ್ಕೇ ಪೂರ್ತಿ ಬರೀತೇನೆ.

ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಬೇಕೋ ಅದಕ್ಕೆ ಲೆಕ್ಕದ ಗಾಳಿಯೂ ಬೇಕು. ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಮ್ಮಿ ಆಗ್ತದೆ, ಪೆಟ್ರೋಲ್ ಲೆಕ್ಕಕ್ಕಿಂತ ಜಾಸ್ತಿ ಆಗ್ತದೆ. ಪೂರ್ತಿ ಉರಿಯೋದಿಲ್ಲ. ಕಪ್ಪು ಹೊಗೆ, ಪ್ಲಗ್ ಕಪ್ಪು, ಎಳೆತ ಇಲ್ಲ. ಆಗ ನಾನು ಮಾಡಿದ್ದು ಏನು? ಗಾಳಿ ಜಾಸ್ತಿ ಮಾಡೋ ಬದಲು ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಮ್ಮಿ ಮಾಡಿದೆ. ಕೊಳಕು ಫಿಲ್ಟರಿಗೆ ಸರಿಯಾಗಿ ಮಿಷನ್ ಹೊಂದಿಸಿಕೊಂಡೆ. ಹುಡುಗ ಫಿಲ್ಟರ್ ತೊಳೆದು ಹಾಕಿದ ಕೂಡಲೇ ಗಾಳಿ ಪೂರ್ತಿ ಬಂತು, ಪೆಟ್ರೋಲ್ ಮಾತ್ರ ನಾನು ಕಮ್ಮಿ ಮಾಡಿದಷ್ಟೇ ಇತ್ತು. ಪೆಟ್ರೋಲ್ ಕಮ್ಮಿಯಾದರೆ ಎಂಜಿನ್ ವಿಪರೀತ ಬಿಸಿ ಆಗ್ತದೆ. ಟೂ ಸ್ಟ್ರೋಕಿನಲ್ಲಿ ಇನ್ನೂ ಒಂದು ಕಷ್ಟ ಉಂಟು. ಆಯಿಲ್ ಬರೋದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಮ್ಮಿ ಅಂದರೆ ಆಯಿಲೂ ಕಮ್ಮಿ. ಬಿಸಿ ಜಾಸ್ತಿ, ಜಿಡ್ಡು ಕಮ್ಮಿ. ಪಿಸ್ಟನ್ ಹಿಡಿಯದೆ ಇನ್ನೇನು ಮಾಡ್ತದೆ? ಆ ತೆಳ್ಳಗಿನ ಕಿರ್ರ್ ಸದ್ದು ಮಿಷನ್ ಹೊಸದಾದ ಸದ್ದಲ್ಲ, ಕುತ್ತಿಗೆಗೆ ಬಂದ ಸದ್ದು.

ಅಂದರೆ ಹುಡುಗ ಮಾಡಿದ್ದು ಸರಿಯಾದ ಕೆಲಸ. ಸರಿಯಾದ ಕೆಲಸ ಮಾಡಿದ್ದಕ್ಕೆ ಮಿಷನ್ ಹಾಳಾದ ಹಾಗೆ ಕಂಡಿತು. ಹಾಳು ಮಾಡಿಟ್ಟಿದ್ದು ನಾನು.

ಇನ್ನು ಆ ಕಡೆಯ ಸಣ್ಣ ಗೆರೆಗಳ ಕಥೆ. ಅದೂ ನನ್ನದೇ. ಹಿಂದಿನ ವರ್ಷ ಫಿಲ್ಟರ್ ಕೊಳೆಯಾಗಿದೆ ಅಂತ ಪೆಟ್ರೋಲಲ್ಲಿ ಅದ್ದಿ ಹಿಂಡಿದ್ದೆ. ಸ್ಪಂಜಿನ ಅಂಚು ಮೆತ್ತಗಾಗಿ ಹರಿದಿತ್ತು. ಆಯಿಲ್ ಹಚ್ಚದೆ ಹಾಗೇ ಒಣ ಸ್ಪಂಜು ಹಾಕಿದ್ದೆ. ಹರಿದ ಜಾಗದಲ್ಲಿ ಎರಡು ವರ್ಷ ಧೂಳು ನೇರ ಒಳಗೆ ಹೋಗಿದೆ.

ಎಷ್ಟು ಗಾಳಿ ಹೋಗ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಅಂದರೆ ಮುಕ್ಕಾಲು ಕೆಜಿ ಹತ್ತಿರ, ಅದಕ್ಕೆ 11 ಕೆಜಿ ಗಾಳಿ. ಗಾಳಿ ಎಷ್ಟು ಹಗುರ ಅಂತ ಗೊತ್ತಲ್ಲ, 11 ಕೆಜಿ ಗಾಳಿ ಅಂದರೆ ಹತ್ತಿರ ಹತ್ತಿರ 9,000 ಲೀಟರ್. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ಇದೆ ಅಂತ ಇಟ್ಟುಕೊಳ್ಳಿ. ನೀವು ಮೂರು ಲೀಟರ್ ಪೆಟ್ರೋಲ್ ಸುಟ್ಟರೆ ಆ ಕೋಣೆ ತುಂಬ ಇರೋ ಗಾಳಿ ಪೂರಾ ಆ ಅಂಗೈ ಅಗಲದ ಸ್ಪಂಜಿನಲ್ಲಿ ಹಾದು ಹೋಗಬೇಕು. ಅದೂ ಎಂಥ ಗಾಳಿ? ಮನೆಯ ಕೋಣೆಯ ಗಾಳಿ ಅಲ್ಲ. ಬ್ಲೇಡು ತಿರುಗಿ ಹುಲ್ಲಿನ ಪುಡಿ, ಒಣ ಸೋಗೆಯ ಪುಡಿ, ಹುಲ್ಲಿನ ಹೂವಿನ ಧೂಳು, ಕೆಂಪು ಮಣ್ಣು ಎಲ್ಲ ಎಬ್ಬಿಸಿದ ಗಾಳಿ. ಮಿಷನ್ ಹಿಡಿಯೋರು ಸಂಜೆ ಮುಖ ತೊಳೆಯುವಾಗ ನೀರು ಯಾವ ಬಣ್ಣಕ್ಕೆ ಬರ್ತದೆ ನೋಡಿ. ಮಿಷನ್ನಿನ ಮೂಗಿಗೂ ಅದೇ ಹೋಗಿರ್ತದೆ.

ಹುಲ್ಲಿನ ಪುಡಿ ಒಳಗೆ ಹೋದರೆ ಸುಟ್ಟು ಹೋಗಬಹುದು. ಮಣ್ಣು ಸುಡೋದಿಲ್ಲ. ಮಣ್ಣಿನಲ್ಲಿರೋ ಮರಳಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಪಿಸ್ಟನ್ನಿನ ಅಲ್ಯೂಮಿನಿಯಂಗಿಂತ ಗಟ್ಟಿ. ಆಯಿಲಿನ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ಆಗ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಸೀದಾ ಪಿಸ್ಟನ್ ಮೇಲಕ್ಕೆ ಹೋಗೋದಿಲ್ಲ. ಮೊದಲು ಕೆಳಗೆ ಕ್ರ್ಯಾಂಕ್ ಇರೋ ಜಾಗಕ್ಕೆ ಹೋಗಿ, ಅಲ್ಲಿನ ಬೇರಿಂಗ್ ಸುತ್ತಿ, ಆಮೇಲೆ ಮೇಲೆ ಹೋಗ್ತದೆ. ಹಾಗಾಗಿ ಧೂಳು ಹೋದರೆ ಬೇರಿಂಗೂ ಸವೀತದೆ, ಪಿಸ್ಟನ್ನೂ ಸವೀತದೆ, ರಿಂಗೂ ಸವೀತದೆ. ಫೋರ್ ಸ್ಟ್ರೋಕ್ ಇದ್ದವರು ಸಮಾಧಾನ ಪಡಬೇಡಿ. ಅಲ್ಲಿ ಸಿಲಿಂಡರ್ ಗೋಡೆಯಿಂದ ಧೂಳು ಇಳಿದು ಎಂಜಿನ್ ಆಯಿಲಿಗೇ ಸೇರ್ತದೆ, ಆ ಆಯಿಲ್ ಎಲ್ಲ ಕಡೆ ತಿರುಗ್ತದೆ.

ಈಗ ಹೇಗೆ ತೊಳೆಯೋದು ಅನ್ನೋದು. ನಾನು ತಪ್ಪು ಮಾಡಿ ಕಲಿತದ್ದು, ಮೆಕ್ಯಾನಿಕ್ ಹೇಳಿದ್ದು, ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದು (ಪ್ಲಾಸ್ಟಿಕ್ ಕವರ್ ಒಡೆಯದೆ ನಾಲ್ಕು ವರ್ಷ ಅಟ್ಟದ ಮೇಲಿತ್ತು) ಮೂರೂ ಸೇರಿಸಿ ಬರೀತೇನೆ.

ಮೊದಲು ನಿಮ್ಮ ಫಿಲ್ಟರ್ ಯಾವ ಜಾತಿ ಅಂತ ನೋಡಿಕೊಳ್ಳಿ. ಸ್ಪಂಜು ಒಂದು. ಮಡಿಕೆ ಮಡಿಕೆ ಇರೋ ಕಾಗದದ್ದು ಒಂದು. ಕಂಬಳಿ ಬಟ್ಟೆ ಥರದ್ದು ಅಥವಾ ಸಣ್ಣ ಜಾಲರಿ ಥರದ್ದು ಇನ್ನೊಂದು. ಕೆಲವು ಮಿಷನ್ನಿನಲ್ಲಿ ಹೊರಗೆ ಸ್ಪಂಜು, ಒಳಗೆ ಕಾಗದ ಎರಡೂ ಇರ್ತದೆ. ಒಂದಕ್ಕೆ ಮಾಡೋ ಆರೈಕೆ ಇನ್ನೊಂದಕ್ಕೆ ಮಾಡಿದರೆ ಹಾಳು.

ಬಿಚ್ಚುವ ಮುಂಚೆ ಎಂಜಿನ್ ತಣ್ಣಗಾಗಲಿ. ಮುಚ್ಚಳದ ಸುತ್ತ ಇರೋ ಹುಲ್ಲು, ಮಣ್ಣು ಬ್ರಷ್ಷಿನಲ್ಲೋ ಬಟ್ಟೆಯಲ್ಲೋ ತೆಗೀರಿ. ಚೋಕ್ ಮುಚ್ಚಿ. ಇಲ್ಲದಿದ್ದರೆ ಫಿಲ್ಟರ್ ತೆಗೆದ ಕೂಡಲೇ ಅಂಚಿನ ಕಸ ಕಾರ್ಬುರೇಟರ್ ಬಾಯಿಗೆ ಬೀಳ್ತದೆ. ಶುಚಿ ಮಾಡೋಕೆ ಹೋಗಿ ನಾವೇ ಕೈಯಾರೆ ಕಸ ತಿನ್ನಿಸಿದ ಹಾಗೆ. ವಾಪಸ್ ಹಾಕಿದ ಮೇಲೆ ಚೋಕ್ ತೆಗೆಯೋದು ಮರೀಬೇಡಿ.

ಸ್ಪಂಜಾದರೆ ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು. ಅದ್ದಿ, ಅಂಗೈಯಲ್ಲಿ ಒತ್ತಿ ಒತ್ತಿ ತೊಳೀಬೇಕು. ಬಟ್ಟೆ ಹಿಂಡಿದ ಹಾಗೆ ತಿರುಚಬಾರದು, ಹರೀತದೆ. ಒಳ್ಳೆ ನೀರಿನಲ್ಲಿ ಸೋಪು ಪೂರ್ತಿ ಹೋಗೋವರೆಗೆ ತೊಳೆದು, ಒಣ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ. ಪೆಟ್ರೋಲಲ್ಲಿ ತೊಳೆಯೋದು ಬೇಡ. ಸ್ಪಂಜು, ಅಂಟು ಎರಡೂ ಹಾಳಾಗ್ತದೆ, ಬೆಂಕಿ ಭಯ ಬೇರೆ. ಪೂರ್ತಿ ಒಣಗಿದ ಮೇಲೆ ಶುದ್ಧ ಎಂಜಿನ್ ಆಯಿಲ್ ನಾಲ್ಕು ತೊಟ್ಟು ಹಾಕಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಎಲ್ಲ ಕಡೆ ಹರಡೋ ಹಾಗೆ ಹಿಚುಕಿ. ಹೆಚ್ಚಾದ ಆಯಿಲ್ ಒತ್ತಿ ತೆಗೀರಿ. ಕೈಗೆ ಜಿಡ್ಡು ತಾಗಬೇಕು, ತೊಟ್ಟಿಕ್ಕಬಾರದು. ಸ್ಪಂಜಿನ ತೂತು ಧೂಳಿಗಿಂತ ದೊಡ್ಡದು, ಧೂಳು ಹಿಡಿಯೋದು ಆ ಜಿಡ್ಡು. ಒಣ ಸ್ಪಂಜು ಹಾಕಿದರೆ ಸಣ್ಣ ಧೂಳಿಗೆ ಅದು ತೆರೆದ ಬಾಗಿಲು. ಆದರೆ ಕೆಲವು ಕಂಪನಿಯವರು ಆಯಿಲ್ ಬೇಡ ಅಂತಲೇ ಬರೆದಿರ್ತಾರೆ. ಒಳಗೆ ಕಾಗದ ಇದ್ದ ಕಡೆ ಸ್ಪಂಜಿನ ಆಯಿಲ್ ಕಾಗದಕ್ಕೆ ಇಳಿದರೆ ಅದೂ ಕೆಡ್ತದೆ. ನಿಮ್ಮ ಪುಸ್ತಕ ಒಮ್ಮೆ ತೆಗೆದು ನೋಡಿ.

ಕಾಗದದ್ದಕ್ಕೆ ನೀರೂ ಬೇಡ, ಆಯಿಲೂ ಬೇಡ. ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಗಾಳಿ ಹೊಡೆಸೋದಾದರೆ ಒಳಗಿನಿಂದ ಹೊರಗೆ, ಕಮ್ಮಿ ಒತ್ತಡದಲ್ಲಿ, ದೂರದಿಂದ. ಪಂಚರ್ ಅಂಗಡಿಗೆ ತಗೊಂಡು ಹೋಗಿ ಹತ್ತಿರದಿಂದ ಹೊಡೆಸಿದರೆ ಕಾಗದ ತೂತಾಗ್ತದೆ, ಕಣ್ಣಿಗೆ ಕಾಣೋದಿಲ್ಲ. ಬ್ಯಾಟರಿ ಬೆಳಕು ಹಿಂದಿನಿಂದ ಹಿಡಿದು ನೋಡಿ. ಬೆಳಕು ಕಾಣಲಿಲ್ಲ ಅಂದರೆ ಬದಲಾಯಿಸೋ ಹೊತ್ತು. ಒಂದೇ ಕಡೆ ಚುಕ್ಕಿ ಹಾಗೆ ಹೊಳೆದರೆ ತೂತು ಬಿದ್ದಿದೆ, ಅದನ್ನೂ ಎಸೀರಿ. ಬಟ್ಟೆ ಥರದ್ದನ್ನು ತಟ್ಟಿ, ಮೆತ್ತಗಿನ ಬ್ರಷ್ಷಿನಲ್ಲಿ ಗುಡಿಸಿ. ಪುಸ್ತಕದಲ್ಲಿ ತೊಳೀಬಹುದು ಅಂತ ಇದ್ದರೆ ಮಾತ್ರ ತೊಳೀರಿ.

ಎಷ್ಟು ದಿನಕ್ಕೊಮ್ಮೆ? ನಮ್ಮ ಪುಸ್ತಕದಲ್ಲಿ ದಿನಾ ನೋಡಿ, 25 ಗಂಟೆಗೊಮ್ಮೆ ತೊಳೀರಿ, ಧೂಳಿದ್ದರೆ ಇನ್ನೂ ಬೇಗ ಅಂತ ಉಂಟು. ನಮ್ಮ ಲೆಕ್ಕಕ್ಕೆ ಮಳೆಗಾಲದ ಹಸಿ ಹುಲ್ಲಿಗೆ ಮೂರು ದಿನಕ್ಕೊಮ್ಮೆ ಸಾಕು. ಆದರೆ ಮಳೆ ನೀರಲ್ಲಿ ಸ್ಪಂಜು ನೆನೆದರೆ ಅವತ್ತೇ ಬದಲಿಸಬೇಕು, ನೀರು ಕುಡಿದ ಸ್ಪಂಜಿನಲ್ಲಿ ಗಾಳಿ ಹಾಯೋದಿಲ್ಲ. ಈಗ, ನವೆಂಬರಿನಿಂದ ಆಚೆ, ಹುಲ್ಲು ಒಣಗಿ ಹೂವಿನ ಧೂಳು ಏಳುವಾಗ ದಿನಾ ಸಂಜೆ ತೆಗೆದು ನೋಡಲೇಬೇಕು. ಹೊಗೆ ಬಂದ ಮೇಲೆ, ಎಳೆತ ಹೋದ ಮೇಲೆ ಅಂತ ಕಾಯೋದು ಬೇಡ.

ಯಾವಾಗ ಎಸೀಬೇಕು? ಅಂಚು ಹರಿದರೆ. ಹಿಚುಕಿದರೆ ಮತ್ತೆ ಉಬ್ಬದೆ ಚಪ್ಪಟೆಯಾಗಿ ಉಳಿದರೆ. ಬೆರಳಲ್ಲಿ ಉಜ್ಜಿದರೆ ಪುಡಿ ಬಂದರೆ. ಇದು ಮುಖ್ಯ. ಕೆಲಸ ಮಾಡದೆ ಕೊಟ್ಟಿಗೆಯಲ್ಲಿ ನೇತು ಹಾಕಿದ ಮಿಷನ್ನಿನ ಸ್ಪಂಜೂ ಕಾಲಕ್ಕೆ ಪುಡಿಯಾಗ್ತದೆ, ಆ ಪುಡಿ ಸೀದಾ ಕಾರ್ಬುರೇಟರಿಗೆ. ಹಳೇ ಹಾಸಿಗೆಯ ಸ್ಪಂಜು, ಟಿವಿ ಪೆಟ್ಟಿಗೆಯ ಸ್ಪಂಜು ಕತ್ತರಿಸಿ ಹಾಕೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಹಾಕಿದ್ದೆ. ತೂತಿನ ಅಳತೆ ಬೇರೆ, ಅಂಚು ಸರಿ ಕೂರೋದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಫಿಲ್ಟರ್ ಇದೆ ಅನ್ನೋ ಸಮಾಧಾನ ನಮಗೆ, ಮಣ್ಣು ತಿನ್ನೋದು ಮಿಷನ್. ಫಿಲ್ಟರೇ ಇಲ್ಲದೆ ಒಂದು ಗಂಟೆ ಓಡಿಸೋದು ಅಂತೂ ಬೇಡವೇ ಬೇಡ. "ಇವತ್ತೊಂದಿನ" ಅಂತಲೇ ಎಲ್ಲ ಶುರುವಾಗೋದು.

ಇನ್ನೊಂದು ಮಾತು, ಸ್ಕ್ರೂ ವಿಷಯ. ಮಿಷನ್ ಎಳೀಲಿಲ್ಲ ಅಂದರೆ ಮೊದಲು ಚೋಕ್ ಅರ್ಧ ಮುಚ್ಚಿಕೊಂಡಿದೆಯಾ ನೋಡಿ. ಆಮೇಲೆ ತೊಳೆದ ಫಿಲ್ಟರ್ ಹಾಕಿ ನೋಡಿ. ಆಮೇಲೆ ಪ್ಲಗ್, ಪೆಟ್ರೋಲ್ ಹಳೇದಾಗಿದೆಯಾ, ಟ್ಯಾಂಕಿನ ಒಳಗಿನ ಪೆಟ್ರೋಲ್ ಫಿಲ್ಟರ್, ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆಯಾ. ಫೋರ್ ಸ್ಟ್ರೋಕಿನವರು ಆಯಿಲ್ ಗುರುತಿಗಿಂತ ಮೇಲೆ ತುಂಬಿದ್ದೀರಾ ಅಂತಲೂ ನೋಡಿ, ಹೆಚ್ಚಾದ ಆಯಿಲ್ ಫಿಲ್ಟರಿಗೆ ಬಂದು ಕೂರ್ತದೆ. ಇಷ್ಟೆಲ್ಲ ಆದ ಮೇಲೆ ಎಲ್, ಎಚ್ ಅಂತ ಗುರುತಿರೋ ಆ ಸ್ಕ್ರೂಗಳು. ಅದೂ ಗೊತ್ತಿದ್ದವರ ಕೈಯಲ್ಲಿ, ತೊಳೆದ ಫಿಲ್ಟರ್ ಹಾಕಿಕೊಂಡೇ. ಕೊಳಕು ಫಿಲ್ಟರಿಗೆ ಸ್ಕ್ರೂ ಹೊಂದಿಸಿದರೆ ನನ್ನ ಗತಿ.

ಬ್ರಷ್ ಕಟ್ಟರಿಗೆ ಮಾತ್ರ ಅಲ್ಲ ಇದು. ಬೋರ್ಡೋ ಹೊಡೆಯೋ ಪಂಪಿನ ಎಂಜಿನ್, ಮರ ಕೊಯ್ಯೋ ಚೈನ್ ಸಾ, ಎಲ್ಲಕ್ಕೂ ಮೂಗು ಉಂಟು. ಟಿಲ್ಲರಿನ ಆಯಿಲ್ ಬಟ್ಟಲಿನ ಫಿಲ್ಟರ್ ಬಿಚ್ಚಿ ಎಷ್ಟು ಕಾಲ ಆಯ್ತು? ತಳದಲ್ಲಿ ಆಯಿಲ್ ಇದೆಯೋ ಗದ್ದೆ ಕೆಸರು ಇದೆಯೋ ನೋಡಿ ಒಮ್ಮೆ.

ಇಷ್ಟೂ ಪುಸ್ತಕದಲ್ಲಿ ಸಿಗೋ ವಿಷಯ. ನಾನು ಹೇಳಬೇಕು ಅಂತ ಕೂತಿರೋದು ಇದಲ್ಲ.

ನಮ್ಮ ಊರಿನಲ್ಲಿ ಫಿಲ್ಟರ್ ಯಾಕೆ ಕೊಳಕಾಗಿರ್ತದೆ? ಗೊತ್ತಿಲ್ಲದೆ ಅಲ್ಲ. ಮಿಷನ್ ಹಿಡಿಯೋ ಹೆಚ್ಚಿನವರಿಗೆ ಗೊತ್ತು. ಮುಖ್ಯ ಕಾರಣ ನಮ್ಮ ಕಿವಿ. ತೋಟದಲ್ಲಿ ಮಿಷನ್ ಸದ್ದು ನಿಂತ ಕೂಡಲೇ ಜಗಲಿಯಲ್ಲಿ ಕೂತ ನಮ್ಮ ಕಿವಿ ನೆಟ್ಟಗಾಗ್ತದೆ. ಯಾಕೆ ನಿಲ್ಲಿಸಿದ? ಬೀಡಿಗಾ? ಫೋನಿಗಾ? ಐದು ನಿಮಿಷ ಕಳೆದರೆ ಮೆಟ್ಟು ಹಾಕಿಕೊಂಡು ಇಳಿದು ಹೋಗ್ತೀವಿ. ಅವನು ಮುಚ್ಚಳ ಬಿಚ್ಚಿ ಕೂತಿದ್ದರೆ "ಅದೆಲ್ಲ ಆಮೇಲೆ ಮಾಡು ಮಾರಾಯ, ಬಿಸಿಲು ಏರೋ ಮುಂಚೆ ಆ ಮೂಲೆ ಮುಗಿಸು" ಅಂತೀವಿ. ಈ "ಆಮೇಲೆ" ಅಂದರೆ ಸಂಜೆ ಕೆಲಸ ಬಿಟ್ಟ ಮೇಲೆ, ಅವನ ಹೊತ್ತಿನಲ್ಲಿ, ಪುಕ್ಕಟೆ. ಸದ್ದು ಬರ್ತಾ ಇದ್ದರೆ ಕೆಲಸ, ಸದ್ದು ನಿಂತರೆ ಕಳ್ಳಾಟ. ಹೀಗೆ ಲೆಕ್ಕ ಹಾಕೋ ನಾವು, ಮಿಷನ್ ಹಾಳಾದಾಗ "ಇವರಿಗೆ ಜವಾಬ್ದಾರಿ ಇಲ್ಲ" ಅಂತೀವಿ.

ಹತ್ತು ನಿಮಿಷದ ಬೆಲೆ ಎಷ್ಟು? ನಾನು ದಿನಕ್ಕೆ 1,000 ಕೊಡ್ತೇನೆ, ಏಳು ಗಂಟೆ ಕೆಲಸ. ಹತ್ತು ನಿಮಿಷಕ್ಕೆ 24 ರೂಪಾಯಿ. ವರ್ಷಕ್ಕೆ ಮೂರು ಸಲ ಹೊಡೆಸಿ ಎಲ್ಲ ಸೇರಿ ನಮ್ಮಲ್ಲಿ 20 ದಿನದ ಕೆಲಸ. 480 ರೂಪಾಯಿ ಆಯ್ತು. ಎರಡು ಹೊಸ ಫಿಲ್ಟರಿಗೆ 240. ಒಟ್ಟು 720. ಹೋದ ವರ್ಷ ನಾನು ಕೊಟ್ಟದ್ದು 5,200, ಜೊತೆಗೆ ಮಿಷನ್ ಇಲ್ಲದೆ ಕೂತ ಹನ್ನೊಂದು ದಿನ, ಉದ್ದ ಹುಲ್ಲಿನಲ್ಲಿ ಕಾಣದೆ ಉಳಿದ ಅಡಿಕೆ. ಒಳ್ಳೆ ಕೆಲಸಗಾರ ಹೋದದ್ದಕ್ಕೆ ಬೆಲೆ ಹಾಕೋಕೆ ನನಗೆ ಬರೋದಿಲ್ಲ.

ಕೆಲವರು ಹೇಳಬಹುದು, ಮಿಷನ್ ಹಿಡಿಯೋನು ಮಿಷನ್ ನೋಡಿಕೊಳ್ಳಬೇಕಪ್ಪ, ಅದೂ ಕೆಲಸದಲ್ಲೇ ಸೇರಿದ್ದು ಅಂತ. ಸರಿ. ಸೇರಿದ್ದು ಅಂತಾದರೆ ಕೆಲಸದ ಹೊತ್ತಿನಲ್ಲೇ ಸೇರಲಿ. ಕತ್ತಿ ಮಸೆಯೋ ಹೊತ್ತಿಗೆ ನಮ್ಮ ಅಜ್ಜಂದಿರು ಕೂಲಿ ಹಿಡಿದಿದ್ದು ಕೇಳಿದ್ದೀರಾ? ಆಳು ಮಸೆಗಲ್ಲಿನ ಹತ್ತಿರ ಕೂತರೆ ಯಾರೂ ಮಾತಾಡ್ತಿರಲಿಲ್ಲ, ಅದೂ ಕೊಯ್ಲಿನ ಭಾಗ ಅಂತ ಎಲ್ಲರಿಗೂ ಗೊತ್ತಿತ್ತು. ಕತ್ತಿ ಹೋಗಿ ಮಿಷನ್ ಬಂತು. ಮಸೆಗಲ್ಲಿನ ಹೊತ್ತನ್ನು ನಾವು ನುಂಗಿ ಹಾಕಿದೆವು.

ಇನ್ನು ಕೆಲವರು, ತಮ್ಮದೇ ಮಿಷನ್ ತಂದು ಗಂಟೆ ಲೆಕ್ಕದಲ್ಲಿ ಹೊಡೆಯೋರಿಗೆ ನಾವ್ಯಾಕೆ ಕೊಡಬೇಕು ಅಂತಾರೆ. ಅವರ ಗಂಟೆ ಓಡ್ತಿರುವಾಗ ಫಿಲ್ಟರ್ ತಟ್ಟೋಕೆ ನಿಂತರೆ ಗಡಿಯಾರ ನೋಡದೆ ಸುಮ್ಮನಿರಿ, ಅಷ್ಟು ಸಾಕು. ಕಟ್ಟಿಕೊಂಡ ಫಿಲ್ಟರಿನಲ್ಲಿ ಅವರು ನಿಧಾನಕ್ಕೆ ಹೊಡೆದರೆ ಆ ಗಂಟೆಯ ದುಡ್ಡೂ ನಮ್ಮದೇ ಹೋಗೋದು. ಬ್ಯಾಟರಿ ಮಿಷನ್ ಬಂದರೆ ಈ ರಗಳೆಯೇ ಇಲ್ಲ ಅನ್ನೋರೂ ಇದ್ದಾರೆ. ನಿಜ, ಅದಕ್ಕೆ ಈ ಫಿಲ್ಟರ್ ಬೇಡ. ಆದರೆ ಅದರ ಬ್ಲೇಡನ್ನೂ ಯಾರೋ ಕೂತು ಮಸೀಬೇಕು. ಯಾರ ಹೊತ್ತಿನಲ್ಲಿ ಅನ್ನೋ ಪ್ರಶ್ನೆ ಅಲ್ಲೂ ಇರ್ತದೆ.

ನಾನು ಈಗ ಮಾಡಿಕೊಂಡಿರೋದು ಇಷ್ಟು. ಒಂದು ಮಿಷನ್ನಿಗೆ ಎರಡು ಫಿಲ್ಟರ್. ಒಂದು ಮಿಷನ್ನಿನಲ್ಲಿ, ಇನ್ನೊಂದು ತೊಳೆದು ಆಯಿಲ್ ಹಚ್ಚಿ ಡಬ್ಬಿಯಲ್ಲಿ. ಒಣಗೋಕೆ ಕಾಯೋ ಕಷ್ಟ ಇಲ್ಲ, ಮಿಷನ್ ಸೋತರೆ ಬದಲಿಸಿ ನೋಡೋಕೂ ಆಗ್ತದೆ. ಕೊಟ್ಟಿಗೆಯ ಕಂಬಕ್ಕೆ ಒಂದು ನೋಟ್ ಬುಕ್ ಕಟ್ಟಿದ್ದೇನೆ. ತೊಳೆದ ದಿನ, ಬದಲಿಸಿದ ದಿನ, ಯಾರಾದರೂ ಎರವಲು ತಗೊಂಡು ಹೋದರೆ ಅದೂ. ಸಂಜೆ ಕೆಲಸ ಬಿಡೋ ಹೊತ್ತಿಗೆ ಹತ್ತು ನಿಮಿಷ ಮುಂಚೆ ಮಿಷನ್ ನಿಲ್ಲಬೇಕು, ಆ ಹತ್ತು ನಿಮಿಷ ಕೂಲಿಯ ಹೊತ್ತು. ಸದ್ದು ನಿಂತಾಗ ನಾನು ತೋಟಕ್ಕೆ ಇಳಿಯೋದಿಲ್ಲ.

ಆ 1,500 ರೂಪಾಯಿ? ಮೆಕ್ಯಾನಿಕ್ ಹತ್ತಿರದಿಂದ ಬಂದ ಮೇಲೂ ಹದಿನೈದು ದಿನ ನನ್ನ ಜೇಬಲ್ಲೇ ಇತ್ತು. ದುಡ್ಡಿನ ಆಸೆಗಲ್ಲ, ಹೋಗಿ ಹೇಳೋಕೆ ಮುಖ ಇರಲಿಲ್ಲ. ಕೊನೆಗೊಂದು ಭಾನುವಾರ ಅವನ ಮನೆಗೆ ಹೋದೆ. ಅವನ ಅವ್ವ ಮಜ್ಜಿಗೆ ಕೊಟ್ಟರು. ದುಡ್ಡು ಕೊಟ್ಟು, "ಸ್ಕ್ರೂ ತಿರುಗಿಸಿದ್ದು ನಾನು, ನೀನು ಮಾಡಿದ್ದರಲ್ಲಿ ತಪ್ಪಿಲ್ಲ" ಅಂದೆ. ಅವನು ದುಡ್ಡು ತಗೊಂಡ. "ಆಯ್ತು ಅಣ್ಣ" ಅಂದ, ಅಷ್ಟೇ. ಆ ವರ್ಷ ನಮ್ಮ ತೋಟಕ್ಕೆ ಬರಲಿಲ್ಲ. ಬರಬೇಕು ಅಂತ ಕೇಳೋಕೆ ನನಗೂ ಬಾಯಿ ಬರಲಿಲ್ಲ.

ಈ ವರ್ಷ ಜೂನಿನಲ್ಲಿ ತಾನಾಗಿಯೇ ಬಂದ. ಮಿಷನ್ ಎತ್ತುವ ಮುಂಚೆ ಮುಚ್ಚಳ ಬಿಚ್ಚಿ ಸ್ಪಂಜು ನೋಡಿದ, ಬೆರಳಲ್ಲಿ ಒತ್ತಿದ, ಮೂಸಿಯೂ ನೋಡಿದ, ಪೆಟ್ರೋಲ್ ವಾಸನೆ ಉಂಟಾ ಅಂತ ಇರಬೇಕು. ಮತ್ತೆ ಮುಚ್ಚಿ ಹೆಗಲಿಗೆ ಹಾಕಿಕೊಂಡು ಹೇಳಿದ:

"ಅಣ್ಣ, ಒಂದೇ ಮಾತು. ಸ್ಕ್ರೂ ನೀವು ಮುಟ್ಟಂಗಿಲ್ಲ."

ಮುಟ್ಟಿಲ್ಲ. ಈಗಲೂ ಅವನೇ ಕೆಳಗಿನ ತೋಟದಲ್ಲಿ ಹೊಡೀತಾ ಇದ್ದಾನೆ, ಸದ್ದು ಕೇಳ್ತಾ ಉಂಟು. ನೀವು ನಾಳೆ ಬೆಳಿಗ್ಗೆ ಮಿಷನ್ ತೋಟಕ್ಕೆ ಇಳಿಸೋ ಮುಂಚೆ ಆ ಮುಚ್ಚಳ ಒಮ್ಮೆ ಬಿಚ್ಚಿ ನೋಡಿ. ಬಿಚ್ಚೋದು ಬೇರೆಯವರಾದರೆ, ಆ ಹೊತ್ತಿಗೂ ಕೂಲಿ ಉಂಟು ಅಂತ ಮೊದಲೇ ಹೇಳಿ.